ನಮ್ಮ ಮಾನ್ವಿ ಮತ್ತು ಕೊನೆಯ ಹೊಲ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



 ಅಧ್ಯಕ್ಷರು ನಮಗೆ "ನಮ್ಮ ಮಾನ್ವಿ" ಎಂಬ ವಿಷಯದ ಮೇಲೆ ಮಾತಾಡಲು ಹೇಳಿದ್ದಾರೆ. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ. ಅದೂ ಸೈಕಲ್ ತುಳಿದು, ಹೊಲದ ಕೆಲಸ ಬಿಟ್ಟಾಗ ಓದಿದ್ದು. ಇಂಥ ದೊಡ್ಡ ವಿಷಯ ಹೇಳಲು ಪಂಡಿತರು ಬೇಕಿತ್ತು. ಆದರೂ ಹಿರಿಯರ ಮಾತು ಮೀರಬಾರದೆಂದು ತಿಳಿದಷ್ಟು ಹೇಳುತ್ತೇವೆ. ತಪ್ಪಿದ್ದರೆ ತಮ್ಮವರೆಂದು ತಿದ್ದಿಕೊಳ್ಳಬೇಕು.

ಈ ವಿಷಯ ಯಾಕೆ ಬಂತು ಎಂಬುದನ್ನು ಮೊದಲು ಹೇಳಬೇಕು. ನಮ್ಮೂರಿನ ಹುಡುಗನೊಬ್ಬ ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬಂದಾಗ ಸಂಘದ ಕಟ್ಟೆಯ ಮೇಲೆ ಕೂತು ತಾನಿರುವ ಊರಿನ ಸುದ್ದಿ ಹೇಳಿದ. ಅದು ಪೆನ್ಸಿಲ್ವೇನಿಯಾ ಎಂಬ ರಾಜ್ಯದ ಒಂದು ಸಣ್ಣ ಊರು. ಅಂಥ ಊರಿಗೆ ಅಲ್ಲಿ 'ಬರೋ' ಅನ್ನುತ್ತಾರಂತೆ. ನಮ್ಮ ಪುರಸಭೆ ಇದ್ದಂಗ. ಆ ಒಂದು ರಾಜ್ಯದಲ್ಲೇ ಅಂಥ ಬರೋಗಳು ಒಂಬೈನೂರಕ್ಕೂ ಹೆಚ್ಚು. ಕೆಲವಕ್ಕೆ ನಮ್ಮ ಹಳ್ಳಿಗಿಂತ ಕಡಿಮೆ ಜನ. ಆದರೂ ತಮ್ಮದೇ ಮೇಯರ್, ತಮ್ಮದೇ ಕೌನ್ಸಿಲ್. ಇನ್ನೊಂದು ಮಾತು ಹೇಳಿದ. ಅಲ್ಲಿನ ಬಹಳಷ್ಟು ಸಣ್ಣ ಊರುಗಳಲ್ಲಿ ಬೆಂಕಿ ಬಿದ್ದರೆ ಆರಿಸಲು ಬರುವವರು ಸಂಬಳದ ನೌಕರರಲ್ಲ, ಊರಿನ ಜನರೇ. ಅಂಗಡಿಯವ, ಮಾಸ್ತರ, ಮೆಕ್ಯಾನಿಕ್, ಎಲ್ಲರೂ ಗಂಟೆ ಬಾರಿಸಿದ ಕೂಡಲೇ ಕೆಲಸ ಬಿಟ್ಟು ಓಡುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ ಎಂಬ ದೊಡ್ಡ ಮನುಷ್ಯರು 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂಥ ಸಂಘ ಕಟ್ಟಿದರಂತೆ.

ಇಷ್ಟು ಹೇಳಿ ಅವನು ನಮ್ಮನ್ನು ಕೇಳಿದ: "ಕಾಕಾ, ಅಲ್ಲಿ ಮಂದಿ ನಿಮ್ಮೂರು ಯಾವುದು, ಹೆಂಗೈತಿ ಅಂತ ಕೇಳ್ತಾರ. ರಾಯಚೂರು ಅಂದ್ರ ನಕಾಶೆದಾಗ ತೋರಿಸ್ತೀನಿ. ಮಾನ್ವಿ ಬಗ್ಗೆ ಏನ್ ಹೇಳ್ಲಿ?"

ಆವತ್ತು ನಮಗೆ ಉತ್ತರ ಹೊಳೆಯಲಿಲ್ಲ. "ಚಲೋ ಊರು ಐತಿ ಅನ್ನು" ಎಂದು ಹೇಳಿ ಕಳಿಸಿದೆವು. ರಾತ್ರಿ ಮಲಗಿದರೂ ಅದೇ ಮಾತು ತಲೆಯೊಳಗೆ. ಹುಟ್ಟಿದಾಗಿನಿಂದ ಗೊಬ್ಬರಕ್ಕೆ, ಬೀಜಕ್ಕೆ, ಆಸ್ಪತ್ರೆಗೆ, ಕಚೇರಿಗೆ, ಮದುವೆ ಜವಳಿಗೆ ಮಾನ್ವಿಗೇ ಹೋಗುವ ನಮಗೆ ಮಾನ್ವಿ ಬಗ್ಗೆ ನಾಲ್ಕು ಮಾತು ಹೇಳಲು ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಇವತ್ತಿನ ಮಾತು ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ.

ಬಂಧುಗಳೇ, ನಮ್ಮದು ಎರಡು ಹೊಳೆಗಳ ನಡುವಿನ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇತಿಹಾಸದ ಪುಸ್ತಕದಲ್ಲಿ ಇದನ್ನು ರಾಯಚೂರು ದೋಆಬ್ ಎನ್ನುತ್ತಾರೆ. ದೇವದುರ್ಗದವರು ಕೃಷ್ಣೆಯ ದಂಡೆಯವರು, ಮಾನ್ವಿಯವರು ತುಂಗಭದ್ರೆಯ ದಂಡೆಯವರು. ನಡುವೆ ರಾಯಚೂರು ಕೋಟೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಆ ಕೋಟೆ ಕಟ್ಟಿಸಿದ ಶಾಸನ ಇವತ್ತಿಗೂ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ ಇದೆ. ಈ ನಾಡಿಗಾಗಿ ವಿಜಯನಗರದವರು, ಬಹಮನಿಯವರು, ಆದಿಲಶಾಹಿಯವರು ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯರು ಇಸ್ಮಾಯಿಲ್ ಆದಿಲಶಾಹನನ್ನು ಇಲ್ಲೇ ಸೋಲಿಸಿದರು. ಆಮೇಲೆ ನಿಜಾಮರ ಕಾಲ ಬಂತು. ನಡುವೆ 1853ರಿಂದ 1860ರವರೆಗೆ ಏಳು ವರ್ಷ ಇಂಗ್ಲಿಷರ ಕೈಯಲ್ಲಿದ್ದು, ಮತ್ತೆ ನಿಜಾಮರಿಗೇ ಹೋಯಿತು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಮಗೆ ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಆಯಿತು.

ಇಷ್ಟೆಲ್ಲ ರಾಜರು ಬಡಿದಾಡಿದ ನೆಲದಲ್ಲಿ ರೈತನಿಗೆ ಮಾತ್ರ ಎರಡು ಹೊಳೆಗಳ ನಡುವೆ ಕುಡಿಯುವ ನೀರಿಗೂ ತತ್ವಾರ. ನಮ್ಮ ಅಜ್ಜ ಹೇಳುತ್ತಿದ್ದರು, "ಎಡಕ್ಕೂ ಗಂಗಿ, ಬಲಕ್ಕೂ ಗಂಗಿ, ನಡುವ ನಾವು ಬಾಯಿ ಒಣಗಿ" ಎಂದು. ಆ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಓದಲು ಬರದೆ ಇವತ್ತಿಗೂ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟವರಿದ್ದಾರೆ.

ಈಗ ಮಾನ್ವಿಗೆ ಬರೋಣ. ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಇರುವ ಊರು. ತಾಲ್ಲೂಕು ಕೇಂದ್ರ, ಪುರಸಭೆಯ ಊರು. ಮೊದಲು ಸಿರವಾರ, ಕವಿತಾಳ ಎಲ್ಲಾ ನಮ್ಮ ತಾಲ್ಲೂಕೇ ಆಗಿತ್ತು. 2018ರಲ್ಲಿ ಸಿರವಾರ ಬೇರೆ ತಾಲ್ಲೂಕಾಯಿತು. ರೈಲು ಎಂದರೆ ನಮಗೆ ರಾಯಚೂರೇ. ಅಲ್ಲಿ 1871ರಲ್ಲೇ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಕೂಡಿದವು. ಈ ಕಡೆ ಸಿಂಧನೂರಿಗೆ 2024ರಲ್ಲಿ ರೈಲು ಬಂತು. ಆಗ ನಮ್ಮ ಹಿರಿಯರೊಬ್ಬರು, "ಆಚೀಗಿ ಬಂತು, ಈಚೀಗಿ ನೂರೈವತ್ತು ವರ್ಷದಿಂದ ಐತಿ, ನಡುವಿನವರು ಬಸ್ಸಿನಾಗ ನಿಂತು ಹೋಗೋದು ತಪ್ಪಲಿಲ್ಲ" ಎಂದು ನಕ್ಕರು.

ಹುಡುಗ ಕೇಳಿದ್ದನಲ್ಲ, ಊರು ಹೆಂಗೈತಿ ಎಂದು. ಮುಂಜಾನೆ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತರೆ ತಿಳಿಯುತ್ತದೆ. ತಾಂಡಾದಿಂದ ಬಂದ ಲಂಬಾಣಿ ತಾಯಂದಿರು ಒಂದು ಕಡೆ, ಕ್ಯಾಂಪಿನಿಂದ ಬಂದ ತೆಲುಗು ರೈತರು ಒಂದು ಕಡೆ, ಉರ್ದು ಮಾತಾಡುವ ಹಣ್ಣಿನ ಅಂಗಡಿಯವರು, ಕಾಲೇಜಿಗೆ ಬಂದ ಹಳ್ಳಿಯ ಹುಡುಗಿಯರು, ಗುಳೆ ಹೊರಟು ಗಂಟು ಕಟ್ಟಿಕೊಂಡು ಕೂತ ಸಂಸಾರಗಳು. ಒಂದು ಚಹಾ ಕುಡಿಯುವುದರೊಳಗೆ ಮೂರು ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಎಲ್ಲರಿಗೂ ಎಲ್ಲ ಭಾಷೆ ಅಷ್ಟಿಷ್ಟು ಬರುತ್ತದೆ. ಅಕ್ಕಿ ಗಿರಣಿಯ ಹೊಗೆ, ಹತ್ತಿ ತುಂಬಿದ ಗಾಡಿ, ಜೋಳದ ರೊಟ್ಟಿಯ ಖಾನಾವಳಿ, ಇದೇ ನಮ್ಮ ಮಾನ್ವಿ.

ಹಬ್ಬ ಹುಣ್ಣಿಮೆ ನೋಡಿರಿ. ಪಕ್ಕದ ನೀರಮಾನ್ವಿ ಯಲ್ಲಮ್ಮನ ಜಾತ್ರೆಗೆ ಭಾರತ ಹುಣ್ಣಿಮೆಯಲ್ಲಿ ಎಷ್ಟು ದೂರದಿಂದ ಜನ ಬರುತ್ತಾರೆ! ಊರಲ್ಲಿ ಕಲ್ಮಠವಿದೆ, ದಾಸರ ಗುಡಿಯಿದೆ, ಮಸೀದಿಯಿದೆ. ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿಯುವವರಲ್ಲಿ ಮುಸಲ್ಮಾನರಿಗಿಂತ ಬೇರೆಯವರೇ ಹೆಚ್ಚು. ಪೀರಲ ದೇವರಿಗೆ ಸಕ್ಕರೆ ಓದಿಸದ ಮನೆ ನಮ್ಮ ಓಣಿಯಲ್ಲಿ ಸಿಗುವುದು ಕಷ್ಟ. ಇದನ್ನು ಯಾರೂ ನಮಗೆ ಭಾಷಣ ಮಾಡಿ ಕಲಿಸಲಿಲ್ಲ.

ಮಾನ್ವಿಯ ಹೆಸರು ನಾಡಿಗೆಲ್ಲ ಗೊತ್ತಾಗಿದ್ದು ಜಗನ್ನಾಥದಾಸರಿಂದ. ಅವರು 1728ರಿಂದ 1809ರವರೆಗೆ ಬಾಳಿದವರು, 'ಹರಿಕಥಾಮೃತಸಾರ' ಎಂಬ ದೊಡ್ಡ ಗ್ರಂಥವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದವರು. ಅವರು ಹುಟ್ಟಿದ್ದು ಬ್ಯಾಗವಾಟ. ವಿಜಯದಾಸರು ಹುಟ್ಟಿದ್ದು ನಮ್ಮ ಚೀಕಲಪರವಿ. ಗೋಪಾಲದಾಸರು ಹುಟ್ಟಿದ್ದು ದೇವದುರ್ಗ ಸೀಮೆಯ ಮೊಸರಕಲ್ಲು. ಒಂದೇ ಕಾಲದ ಮೂವರು ದಾಸರು ಎತ್ತಿನ ಗಾಡಿ ಹೋಗುವಷ್ಟು ದೂರದೊಳಗೇ ಹುಟ್ಟಿದರು.

ಅವರದೊಂದು ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಆದರೂ ಇವತ್ತು ಮತ್ತೆ ಹೇಳಲು ಕಾರಣವಿದೆ. ಜಗನ್ನಾಥದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ದೊಡ್ಡ ಸಂಸ್ಕೃತ ಪಂಡಿತರು. ವಿಜಯದಾಸರು ಮಾನ್ವಿಗೆ ಬಂದಾಗ ಊಟಕ್ಕೆ ಕರೆದರಂತೆ. ಕನ್ನಡದಲ್ಲಿ ಹಾಡಿಕೊಂಡು ತಿರುಗುವವರ ಪಂಕ್ತಿಯಲ್ಲಿ ಕೂರುವುದೇ ಎಂದು ಇವರು ಹೊಟ್ಟೆನೋವೆಂದು ನೆಪ ಹೇಳಿ ಕಳಿಸಿದರಂತೆ. ಆಮೇಲೆ ನಿಜವಾಗಿಯೇ ಹೊಟ್ಟೆನೋವು ಹತ್ತಿತು. ಯಾವ ಔಷಧಕ್ಕೂ ಬಗ್ಗಲಿಲ್ಲ. ಮಂತ್ರಾಲಯಕ್ಕೆ ಹೋಗಿ, ವಿಜಯದಾಸರಿಗೆ ಶರಣಾಗಿ, ಕೊನೆಗೆ ಗೋಪಾಲದಾಸರ ಕೈಯಿಂದ ಒಂದು ಜೋಳದ ರೊಟ್ಟಿ ತಿಂದ ಮೇಲೆ ನೋವು ಹೋಯಿತು. ಮುಂದೆ ಅವರೇ ಜಗನ್ನಾಥದಾಸರಾದರು. ಭಾದ್ರಪದ ಶುದ್ಧ ನವಮಿಗೆ ಅವರ ಆರಾಧನೆ ಈಗಲೂ ನಡೆಯುತ್ತದೆ. ಇದು ಭಕ್ತರು ಹೇಳಿಕೊಂಡು ಬಂದ ಕಥೆ. ನಮಗೆ ಇದರೊಳಗಿನ ಜೋಳದ ರೊಟ್ಟಿ ಮುಖ್ಯ. ಪಂಕ್ತಿಯಲ್ಲಿ ಕೂರಲು ಒಲ್ಲೆ ಎಂದವರಿಗೆ ಕೊನೆಗೆ ಬಡವರ ರೊಟ್ಟಿಯೇ ಮದ್ದಾಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಾಲುವೆಯ ಮಾತು. ಕಾಲುವೆ ಬಿಟ್ಟು ಮಾನ್ವಿಯ ಮಾತಾಡಿದರೆ ಉಪ್ಪಿಲ್ಲದ ಅಡಿಗೆ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಈ ದಂಡೆಗೆ ನಿಜಾಮರ ರಾಜ್ಯ, ಆ ದಂಡೆಗೆ ಮದ್ರಾಸ್ ಪ್ರಾಂತ್ಯ, ಇಬ್ಬರೂ ಕೂಡಿ ಕಟ್ಟಿದ್ದು. 1953ರಲ್ಲಿ ನೀರು ನಿಂತಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಗಂಗಾವತಿ, ಸಿಂಧನೂರು ದಾಟಿ ಮಾನ್ವಿಗೆ, ಕೊನೆಗೆ ರಾಯಚೂರು ಕಡೆಗೆ. ಅಂದರೆ ನಾವು ಬಾಲದ ಮಂದಿ. ನಮ್ಮ ಊರಂತೂ ಉಪಕಾಲುವೆಯ ತುದಿಯಲ್ಲಿರುವ ಊರು, ಬಾಲಕ್ಕೂ ಬಾಲ.

ಕಾಲುವೆ ಮಾಡಿದವರ ಲೆಕ್ಕ ಏನಿತ್ತು? ಹೆಚ್ಚು ಭೂಮಿಗೆ ಹಗುರ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾ ಬೆಳೆಯಲಿ ಎಂದು. ಆದರೆ ನೀರು ಬಂದ ಕೂಡಲೇ ಮೇಲಿನವರು ಭತ್ತಕ್ಕೆ ಇಳಿದರು. ಭತ್ತಕ್ಕೆ ಹೊಲ ತುಂಬ ನೀರು ನಿಲ್ಲಬೇಕು. ಮೇಲೆ ನಿಂತ ನೀರು ಕೆಳಗೆ ಬರುವುದು ಹೇಗೆ? ಜೊತೆಗೆ ಡ್ಯಾಮಿನಲ್ಲಿ ಹೂಳು ತುಂಬಿತು. 133 ಟಿಎಂಸಿ ಹಿಡಿಯಬೇಕಾದ ಜಲಾಶಯ ಈಗ ಸುಮಾರು 105ಕ್ಕೆ ಬಂದಿದೆ. ಹಂಚುವ ನೀರೇ ಕಡಿಮೆ, ಕುಡಿಯುವ ಬಾಯಿ ಜಾಸ್ತಿ. 69ನೇ ಮೈಲಿನ ಗೇಜು ಎಷ್ಟು, 104ನೇ ಮೈಲಿನ ಗೇಜು ಎಷ್ಟು ಎಂಬುದು ನಮ್ಮ ರೈತರಿಗೆ ಮಕ್ಕಳ ಮಾರ್ಕ್ಸ್‌ಗಿಂತ ಹೆಚ್ಚು ಬಾಯಿಪಾಠ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಕೊಂಡು ಹೋಯಿತು. ತುಂಬಿದ ನೀರು ಹೊಳೆಗೆ ಹರಿಯುವುದನ್ನು ಮೊಬೈಲಿನಲ್ಲಿ ನೋಡಿ ನಮ್ಮೂರಿನಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಮಲಗಲಿಲ್ಲ. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿ ನೀರು ಉಳಿಸಿದ ಇಂಜಿನಿಯರರಿಗೂ ಕಾರ್ಮಿಕರಿಗೂ ಕೈ ಮುಗಿಯಬೇಕು. ಆವತ್ತು ತಲೆಯವರೂ ಬಾಲದವರೂ ಒಂದೇ ಸಂಕಟದಲ್ಲಿದ್ದೆವು. ನೀರು ನಿಂತ ಮೇಲೆ ಮತ್ತೆ ಅವರವರ ದಾರಿ ಅವರವರಿಗೆ.

ದೇವದುರ್ಗದ ಕಥೆ ಇನ್ನೊಂದು ಬಗೆ. ನಾವು ಸಣ್ಣವರಿದ್ದಾಗ ಭತ್ತ ನಾಟಿಗೆ ಆ ಕಡೆಯ ಹಳ್ಳಿಗಳಿಂದ ಕೂಲಿಗೆ ಬರುತ್ತಿದ್ದರು. ಅವರ ಕಣ್ಣಿಗೆ ನಾವು ಕಾಲುವೆಯ ಸಾಹುಕಾರರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಆಯಿತು, ಆಮೇಲೆ ಬಲದಂಡೆ ಕಾಲುವೆ ದೇವದುರ್ಗಕ್ಕೂ ಬಂತು. ನೀರು ಬಂದ ಕಡೆ ಬಾಳು ಬದಲಾಯಿತು. ಕೊನೆಯ ಹಳ್ಳಿಗಳಲ್ಲಿ ಮಾತ್ರ ಅಲ್ಲೂ ಅದೇ ಕೂಗು: ಮೇಲಿನವರು ಬಿಡುತ್ತಿಲ್ಲ. ಇವತ್ತಿಗೂ ಮಾನ್ವಿ, ದೇವದುರ್ಗ ಎರಡೂ ಕಡೆಯಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವ ಬಸ್ಸುಗಳು ತುಂಬಿಯೇ ಹೊರಡುತ್ತವೆ. ಬೆಂಗಳೂರಿನ ಮುಗಿಲು ಮುಟ್ಟುವ ಕಟ್ಟಡಗಳಲ್ಲಿ ನಮ್ಮ ಜನರ ಬೆವರಿದೆ. ಮನೆಯಲ್ಲಿ ಮುದುಕರು, ಶಾಲೆಯಲ್ಲಿ ಅರ್ಧ ಖಾಲಿ ಬೆಂಚು.

ಇಂಥ ಊರಿನಲ್ಲಿ ನಮ್ಮ ಸಂಘ ಹುಟ್ಟಿತು. ಸಹಕಾರ ನಮ್ಮ ನಾಡಿಗೆ ಹೊಸದಲ್ಲ. 1904ರಲ್ಲಿ ಕಾಯಿದೆ ಬಂತು, ಮರುವರ್ಷ 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ನಮ್ಮದು ಅದರ ಮುಂದೆ ಮೊಮ್ಮಗ. ಒಂದು ಬಾಡಿಗೆ ಕೋಣೆ, ಒಂದು ಕಬ್ಬಿಣದ ಪೆಟ್ಟಿಗೆ, ಒಂದು ತಕ್ಕಡಿ, ಇಷ್ಟರಿಂದ ಶುರು. ನಮ್ಮ ತಂದೆಯವರು ಶೇರು ಹಣ ಕಟ್ಟಲು ಒಂದು ಹೋರಿಗರು ಮಾರಿದ್ದು ನೆನಪಿದೆ. ಆಗ ನಮಗೆ ಸಿಟ್ಟು ಬಂದಿತ್ತು. ಸಾಹುಕಾರರ ಬಡ್ಡಿಯಿಂದ ಬಿಡಿಸಿಕೊಂಡ ಮೇಲೆ ಆ ಕರುವಿನ ಬೆಲೆ ತಿಳಿಯಿತು. ಈಗ ಸಂಘಕ್ಕೆ ಸ್ವಂತ ಗೋದಾಮಿದೆ. ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇದೆಲ್ಲ ಸಂತೋಷದ ಸಂಗತಿ. ವರದಿಯಲ್ಲಿ ಕಾರ್ಯದರ್ಶಿಗಳು ಎಲ್ಲ ಹೇಳಿದ್ದಾರೆ.

ವರದಿಯಲ್ಲಿ ಇಲ್ಲದ ಒಂದು ಮಾತು ನಾವು ಹೇಳಬೇಕು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಹಬ್ಬದ ದಿನ ಒಳ್ಳೆಯದನ್ನಷ್ಟೇ ಹೇಳಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ನಾವು ಮೊದಲ ಸಲ ನಿರ್ದೇಶಕರಾದ ವರ್ಷ. ಆಗ ಗೊಬ್ಬರಕ್ಕೆ ಬೆರಳೊತ್ತುವ ಯಂತ್ರ ಬಂದಿರಲಿಲ್ಲ. ಯೂರಿಯಾ ಚೀಲ ಇನ್ನೂ 50 ಕಿಲೋದ್ದಿತ್ತು. ಎಲ್ಲೆಡೆ ಯೂರಿಯಾ ಅಭಾವ. ಬಹಳ ದಿನ ಕಾದ ಮೇಲೆ ಸಂಘಕ್ಕೆ ಒಂದು ಲಾರಿ ಬಂತು, ರಾತ್ರಿ ಹೊತ್ತು. ನಿರ್ದೇಶಕರೆಲ್ಲ ಇಳಿಸಲು ಹೋದೆವು. ಇಳಿಸುತ್ತಲೇ "ಹೆಂಗೂ ಬಂದೀವಿ, ನಮ್ಮದು ಒಯ್ದುಬಿಡೋಣ" ಎಂದು ಯಾರೋ ಅಂದರು. ಯಾರೂ ಬೇಡ ಅನ್ನಲಿಲ್ಲ. ನಾವೂ ಅನ್ನಲಿಲ್ಲ. ಹತ್ತು ಚೀಲ ನಮ್ಮ ಟ್ರ್ಯಾಕ್ಟರಿಗೆ ಹಾಕಿಕೊಂಡೆವು, ರೊಕ್ಕ ಕಟ್ಟಿಯೇ ಒಯ್ದೆವು. ಕಾನೂನಿನಲ್ಲಿ ತಪ್ಪಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು.

ಮರುದಿನ ಮುಂಜಾನೆ ಸಾಲು ನಿಂತಿತು. ಮಧ್ಯಾಹ್ನದೊಳಗೆ ಗೋದಾಮು ಖಾಲಿ. ಸಾಲಿನ ಕೊನೆಗೆ ಒಬ್ಬ ತಾಯಿ ನಿಂತಿದ್ದರು. ಗಂಡ ತೀರಿದ ಮೇಲೆ ಅವರ ಶೇರು ಇವರ ಹೆಸರಿಗೆ ಬಂದಿತ್ತು. ಕಾಲುವೆಯ ತುದಿಯಲ್ಲಿ ಎರಡು ಎಕರೆ. ಅದರಾಚೆ ಕಾಲುವೆಯಿಲ್ಲ, ಜಾಲಿ ಮರ. ಎರಡು ಚೀಲ ಬೇಕಿತ್ತು ಅವರಿಗೆ. ಮುಗಿಯಿತು ತಾಯಿ, ಮುಂದಿನ ಲೋಡಿಗೆ ಬರ್ರಿ ಎಂದು ನಾವೇ ಹೇಳಿದೆವು. ಅವರು ಜಗಳ ಮಾಡಲಿಲ್ಲ. ಖಾಲಿ ಚೀಲ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಒಂದೇ ಮಾತು ಅಂದರು:

"ಮ್ಯಾಲಿನವರು ನೀರು ಬಿಡಂಗಿಲ್ಲ ಅಂತ ರಸ್ತೆಕ ಕುಂದರ್ತೀರಿ. ನೀವು ಗೊಬ್ಬರ ಬಿಟ್ರೇನ್ರೀ?"

ಬಂಧುಗಳೇ, ಆವತ್ತಿನವರೆಗೆ ಎಷ್ಟು ಹೋರಾಟದಲ್ಲಿ ನಾವು ಕೂತಿದ್ದೆವು! ರಾಯಚೂರು ರಸ್ತೆ ಬಂದ್ ಮಾಡಿದ್ದೆವು. ಭಾಷಣ ಮಾಡಿದ್ದೆವು. ಮೇಲಿನವರು ಕಳ್ಳರು, ಪೈಪು ಹಾಕಿ ನೀರು ಕದಿಯುತ್ತಾರೆ ಎಂದು ಗಂಟಲು ಹರಿಯುವಂತೆ ಕೂಗಿದ್ದೆವು. ಆ ತಾಯಿಯ ಮಾತು ಕೇಳಿದ ಮೇಲೆ ಮನೆಗೆ ಹೋಗಿ ನಮ್ಮ ಅಂಗಳದಲ್ಲಿ ಒಟ್ಟಿದ ಹತ್ತು ಚೀಲ ನೋಡಿದೆವು. ಗಂಗಾವತಿ ಕಡೆಯ ರೈತನೂ ರೊಕ್ಕ ಕಟ್ಟಿಯೇ ಮೋಟರು ತಂದಿದ್ದಾನೆ. ಅವನೂ "ಹೆಂಗೂ ಮನೆ ಮುಂದೆ ಹರೀತೈತಿ" ಎಂದೇ ಪೈಪು ಹಾಕಿದ್ದಾನೆ. ಅವನಿಗೂ ನಮಗೂ ಏನು ವ್ಯತ್ಯಾಸ? ಅವನು ಕಾಲುವೆಯ ತಲೆಯಲ್ಲಿದ್ದಾನೆ, ನಾವು ಗೋದಾಮಿನ ತಲೆಯಲ್ಲಿದ್ದೆವು.

ಸಂಜೆ ಎರಡು ಚೀಲ ಅವರ ಮನೆಗೆ ಹೊತ್ತು ಹಾಕಿದೆವು. ಉಳಿದದ್ದನ್ನು ಗೋದಾಮಿಗೆ ತಿರುಗಿ ಕೊಟ್ಟೆವು. ಮುಂದಿನ ಸಭೆಯಲ್ಲಿ ಒಂದು ಠರಾವು ತಂದೆವು: ಸರಕು ಕಡಿಮೆ ಬಂದಾಗ ಪಟ್ಟಿಯನ್ನು ಕೆಳಗಿನಿಂದ ಓದಬೇಕು. ಸಣ್ಣ ಹಿಡುವಳಿಯವರು ಮೊದಲು, ಕಾಲುವೆ ತುದಿಯವರು ಮೊದಲು, ನಿರ್ದೇಶಕರು ಎಲ್ಲರಿಗಿಂತ ಕೊನೆಗೆ. ಸುಲಭವಾಗಿ ಪಾಸಾಗಲಿಲ್ಲ. "ಹಂಗಾದ್ರ ನಿರ್ದೇಶಕ ಆಗಿ ಏನ್ ಫಾಯಿದೆ?" ಎಂದು ನೇರವಾಗಿ ಕೇಳಿದವರಿದ್ದರು. ಎರಡು ಸಭೆ ಜಗಳವಾಯಿತು. ಮೂರನೇ ಸಭೆಗೆ ಪಾಸಾಯಿತು. ಆ ವರ್ಷ ನಮ್ಮ ಹೊಲಕ್ಕೆ ಯೂರಿಯಾ ತಡವಾಗಿ ಬಿದ್ದು ಭತ್ತ ಹಳದಿ ತಿರುಗಿತು, ಇಳುವರಿ ಕಡಿಮೆಯಾಯಿತು. ಮನೆಯಲ್ಲಿ ಬೈಸಿಕೊಂಡೆವು. ಇದನ್ನೂ ಹೇಳಬೇಕು, ಯಾಕೆಂದರೆ ನ್ಯಾಯವಾಗಿ ನಡೆದರೆ ಲಾಭವೇ ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ತಾಯಿಯವರೂ ನಮಗೆ ಹೊಗಳಿಕೆ ಮಾತು ಹೇಳಿಲ್ಲ. ಈಗಲೂ ಬರುತ್ತಾರೆ, ಯಂತ್ರಕ್ಕೆ ಬೆರಳೊತ್ತುತ್ತಾರೆ, ಚೀಲ ತೆಗೆದುಕೊಂಡು ಹೋಗುತ್ತಾರೆ. ಅಷ್ಟೇ ಆಗಬೇಕಾದದ್ದು.

ಇನ್ನೊಂದು ಸಂಗತಿ ನಾವು ಆಮೇಲೆ ಕಣ್ಣು ತೆರೆದು ನೋಡಿದೆವು. ನಮ್ಮ ಮಾನ್ವಿ ತಾಲ್ಲೂಕಿನಲ್ಲೇ ತುಂಗಭದ್ರೆಗೆ ಅಡ್ಡಲಾಗಿ ರಾಜಲಬಂಡಾ ಅಣೆಕಟ್ಟು ಇದೆ. ಆರ್‌ಡಿಎಸ್ ಎನ್ನುತ್ತಾರೆ. ಅಲ್ಲಿಂದ ಹೊರಡುವ ಕಾಲುವೆ ನಮ್ಮ ಕಡೆ ಸ್ವಲ್ಪ ಭೂಮಿಗೆ ನೀರುಣಿಸಿ ತೆಲಂಗಾಣಕ್ಕೆ ಹೋಗುತ್ತದೆ. ಒಟ್ಟು 17.1 ಟಿಎಂಸಿಯಲ್ಲಿ 1.2 ನಮ್ಮ ಪಾಲು, 15.9 ಅವರ ಪಾಲು. ಆ ಕಾಲುವೆಯ ಕೊನೆಯಲ್ಲಿ ಆಲಂಪುರ ಕಡೆಯ ರೈತರಿದ್ದಾರೆ. ಅವರ ಕೂಗು ಏನು ಗೊತ್ತೇ? ಮೇಲಿನವರು ನೀರು ಬಿಡುತ್ತಿಲ್ಲ ಎಂದು. ಅಲ್ಲಿ ಮೇಲಿನವರು ಯಾರು? ನಾವೇ!

ಅಂದರೆ ಎಡದಂಡೆ ಕಾಲುವೆಗೆ ನಾವು ಬಾಲ, ರಾಜಲಬಂಡಾಕ್ಕೆ ನಾವು ತಲೆ. ಒಂದೇ ತಾಲ್ಲೂಕು, ಒಂದೇ ಹೊಳೆ. ಲೋಕದಲ್ಲಿ ಬರೀ ಬಾಲದವನು ಯಾರೂ ಇಲ್ಲ. ಪ್ರತಿಯೊಬ್ಬನ ಕೆಳಗೂ ಇನ್ನೊಬ್ಬನ ಹೊಲ ಇರುತ್ತದೆ. ಇದಾದ ಮೇಲೆ ಹೋರಾಟ ಬಿಡಬೇಕೆಂದು ನಮ್ಮ ಮಾತಲ್ಲ. ನಮ್ಮ ಪಾಲಿನ ನೀರು ನಾವು ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. ಆದರೆ ಕೇಳುವ ಬಾಯಿ ಕೊಡುವ ಕೈಯೂ ಆಗಿರಬೇಕು. ಆಗ ಆ ಮಾತಿಗೆ ತೂಕ ಬರುತ್ತದೆ.

ಈಗ ಅಮೆರಿಕದ ಹುಡುಗನಿಗೆ ಉತ್ತರ ಸಿಕ್ಕಿತು ಎಂದುಕೊಂಡಿದ್ದೇವೆ. ಮಾನ್ವಿ ಹೆಂಗೈತಿ ಎಂದು ಯಾರಾದರೂ ಕೇಳಿದರೆ ಹೀಗೆ ಹೇಳು ಮಗನೇ: ಅದು ಎರಡು ಹೊಳೆಗಳ ನಡುವಿನ ಊರು. ಅಲ್ಲಿ ಒಬ್ಬ ಪಂಡಿತರು ಜೋಳದ ರೊಟ್ಟಿ ತಿಂದು ದಾಸರಾದರು. ಅಲ್ಲಿ ನಾಲ್ಕು ಭಾಷೆಯ ಜನ ಒಂದೇ ಬಸ್ಸಿಗೆ ಕಾಯುತ್ತಾರೆ. ಅಲ್ಲಿ ನೀರಿಗಾಗಿ ಜಗಳವಿದೆ, ಊರು ಬಿಟ್ಟು ಹೋಗುವ ಬಡತನವಿದೆ. ಆದರೆ ಸರಿಯಾಗಿ ಹಂಚಿಕೊಳ್ಳುವುದನ್ನು ಕಲಿಯಲು ಹೆಣಗುತ್ತಿರುವ ಜನರೂ ಅಲ್ಲಿದ್ದಾರೆ.

ಕೊನೆಗೆ ಸರ್ವಸದಸ್ಯರ ಮುಂದೆ ಒಂದು ಬಿನ್ನಹ. ಆ ಊರಿನವರು ಗಂಟೆ ಬಾರಿಸಿದರೆ ಬೆಂಕಿ ಆರಿಸಲು ಓಡುತ್ತಾರಂತೆ. ನಮ್ಮಲ್ಲಿ ಆರಿಸಬೇಕಾದ ಬೆಂಕಿ ಬೇರೆ. ನಮ್ಮ ಊರಿನ ಹೊಲಗಾಲುವೆಯಲ್ಲಿ ಹೂಳು, ಆಪು, ಪ್ಲಾಸ್ಟಿಕ್ ತುಂಬಿದೆ. ಮೇಲಿನಿಂದ ಬರುವ ಅಷ್ಟಿಷ್ಟು ನೀರೂ ಊರೊಳಗೇ ಇಂಗುತ್ತದೆ. ಇಲಾಖೆಯವರು ಮಾಡಲಿ ಎಂದು ಎಷ್ಟು ವರ್ಷ ಕಾಯೋಣ? ಹಿರಿಯರು ಕೆರೆಯ ಹೂಳನ್ನು ತಾವೇ ತೆಗೆಯುತ್ತಿದ್ದರು, ಯಾರ ಅರ್ಜಿಗೂ ಕಾದವರಲ್ಲ. ಪ್ರತಿ ವರ್ಷ ಕಾಲುವೆಗೆ ನೀರು ಬಿಡುವ ಮುಂಚೆ ಒಂದು ದಿನ, ಮನೆಗೊಬ್ಬರಂತೆ ಸಲಿಕೆ ಹಿಡಿದು ಬರೋಣ. ಊಟದ ಖರ್ಚು ಸಂಘದ ಲಾಭದಿಂದ ತೆಗೆಯಲು ಮಹಾಸಭೆ ಒಪ್ಪಿಗೆ ಕೊಡಬೇಕು. ಊಟ ಅಂದರೆ ದೊಡ್ಡದೇನೂ ಬೇಡ. ಜೋಳದ ರೊಟ್ಟಿ, ಪುಂಡಿ ಪಲ್ಯ, ಸಾಕು. ನಿರ್ದೇಶಕರು, ಸದಸ್ಯರು, ಕೂಲಿಯವರು ಎಲ್ಲರೂ ಒಂದೇ ಪಂಕ್ತಿ.

ಕೆಲಸ ಎಲ್ಲಿಂದ ಶುರು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇವೆ. ತೂಬಿನ ಕಡೆಯಿಂದ ಅಲ್ಲ. ಆ ಜಾಲಿ ಮರದ ಹತ್ತಿರದಿಂದ, ಆ ತಾಯಿಯ ಎರಡು ಎಕರೆಯಿಂದ ಮೇಲಕ್ಕೆ ಬರೋಣ. ಮೊದಲ ಸಲಿಕೆ ಮಣ್ಣು ನಾವು ತೆಗೆಯುತ್ತೇವೆ.

 ನಮ್ಮ ಸಂಘ ಸುವರ್ಣ ಹಬ್ಬ ಆಚರಿಸುವಂತಾಗಲಿ. ಆ ದಿನ ಈ ವೇದಿಕೆಯ ಮೇಲೆ ನಿಂತವರಿಗೆ ಕೊನೆಯ ಹೊಲದ ಬಗ್ಗೆ ಮಾತಾಡುವ ಪ್ರಸಂಗವೇ ಬರದಿರಲಿ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.